ನಮ್ಮ ಮನೆಯವರು ಅಮೆರಿಕಕ್ಕೆ ಬರೆದ ಅರ್ಜಿ

ನಮ್ಮ ಮನೆಯವರ ಹೆಸರು ಮಲ್ಲೇಶಪ್ಪ. ಅರ್ಜಿ ಬರೆಯುವುದು ಅವರ ಕೆಲಸ. ಮೂವತ್ತೆಂಟು ವರ್ಷ ಬರೆದರು. ಮೊದಲು ಶಿಕಾರಿಪುರದಲ್ಲಿ, ಆಮೇಲೆ ಸೊರಬದಲ್ಲಿ, ತಾಲ್ಲೂಕು ಕಚೇರಿಯ ಎದುರು ಒಂದು ಮೇಜು ಹಾಕಿಕೊಂಡು ಕೂತರು. ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ, ಅಣ್ಣತಮ್ಮಂದಿರು ಪಾಲಾದರೆ, ಗಂಡ ಸತ್ತು ಪಿಂಚಣಿ ಬೇಕಾದರೆ ಜನ ಅವರ ಹತ್ತಿರ ಬರುತ್ತಿದ್ದರು. ಈ ಜುಲೈ ಹದಿನಾಲ್ಕಕ್ಕೆ ತೀರಿಕೊಂಡರು. ನಾಲ್ಕು ತಿಂಗಳಾಯಿತು.

ನಾನು ಬಂದಳಿಕೆಯವಳು, ಈಶ್ವರಮ್ಮ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಮದುವೆಯಾದ ಹೊಸತರಲ್ಲಿ ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋಗಿ ಮೇಜಿನ ಪಕ್ಕ ಕೂರುತ್ತಿದ್ದೆ. ಒಂದು ದಿನ ಕುಬಟೂರಿನ ಕಡೆಯ ಅಜ್ಜಿ ಬಂದಳು. ಗಂಡ ಸತ್ತು ಮೂರು ವರ್ಷವಾಗಿತ್ತು. ಮರಣ ಪತ್ರ ಮಾಡಿಸಿರಲಿಲ್ಲ.

"ಮೂರು ವರ್ಷ ಏನ್ ಮಾಡ್ತಿದ್ದಿ ಅಜ್ಜಿ?" ಎಂದರು ಇವರು.

"ಏನ್ ಮಾಡ್ತಾರಪ್ಪ, ಎಮ್ಮೆ ಕಾಯ್ತಿದ್ದೆ."

"ಎಮ್ಮೆ ಕಾಯ್ತಿದ್ದೆ ಅಂತ ಸಾಹೇಬ್ರಿಗೆ ಬರಿಯಾಕಾಗತ್ತಾ?"

"ಬರಿ. ಸುಳ್ಳಲ್ವಲ್ಲ."

ಇವರು ನಕ್ಕು ಬರೆದರು. 'ಅರ್ಜಿದಾರಳು ಅನಕ್ಷರಸ್ಥಳಾಗಿದ್ದು, ಕಾನೂನಿನ ತಿಳಿವಳಿಕೆ ಇಲ್ಲದ ಕಾರಣ ವಿಳಂಬವಾಗಿರುತ್ತದೆ. ಸದರಿ ವಿಳಂಬವನ್ನು ಮನ್ನಾ ಮಾಡಬೇಕಾಗಿ ಪ್ರಾರ್ಥನೆ.' ಅಜ್ಜಿಗೆ ಓದಿ ಹೇಳಿದರು. ಅಜ್ಜಿ, "ಎಮ್ಮೆ ಎಲ್ಲಿ ಹೋತು?" ಎಂದು ಕೇಳಿದಳು.

ಅಜ್ಜಿಗೆ ಪತ್ರ ಸಿಕ್ಕಿತು. ಹೀಗೆ ಎಷ್ಟೋ ಜನಕ್ಕೆ ಸಿಕ್ಕಿತು. ಇವರು ನನಗೆ ಹೇಳುತ್ತಿದ್ದರು, "ತಪ್ಪು ಒಪ್ಕೊ, ಕಾರಣ ಹೇಳು, ಕೈ ಮುಗಿ. ಅರ್ಜಿ ಅಂದ್ರೆ ಇಷ್ಟೇ. ಕುರ್ಚಿ ಮೇಲೆ ಕೂತೋನೂ ಮನುಷ್ಯನೇ." ಅವರು ಕಂಡ ಕಚೇರಿಗಳಲ್ಲಿ ಅದು ನಿಜವಿತ್ತು.

ನಮಗೆ ಒಬ್ಬಳೇ ಮಗಳು, ರಕ್ಷಿತಾ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದಳು. ಶಿವಮೊಗ್ಗದಲ್ಲಿ ಕೃಷಿ ಓದಿದಳು. ಆಮೇಲೆ ಬೀಜದ ವಿಷಯ ಓದುತ್ತೇನೆಂದು ಅಮೆರಿಕಕ್ಕೆ ಬರೆದಳು. ಸೀಟು ಸಿಕ್ಕಿತು. ಅಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡಿಕೊಂಡು ಓದುವ ಹಾಗೆ ಅವರೇ ವ್ಯವಸ್ಥೆ ಮಾಡಿಕೊಟ್ಟರು.

"ಬೀಜದಲ್ಲಿ ಏನ್ ಓದ್ತೀಯಾ?" ಎಂದು ಇವರು ಕೇಳಿದರು.

"ಕೆಲವು ಯಾಕೆ ಮೊಳೆಯಲ್ಲ ಅಂತ."

"ಮೊಳೀದೇ ಇರೋದು ನಮ್ಮಲ್ಲೇ ಬೇಕಾದಷ್ಟಿತ್ತಲ್ಲೇ. ಅಷ್ಟು ದೂರ ಯಾಕೆ?"

ಹಾಗೆಂದರೂ ಖುಷಿ ಅವರಿಗೇ ಹೆಚ್ಚು. ಎರಡು ಸಾವಿರದ ಇಪ್ಪತ್ಮೂರರ ಆಗಸ್ಟಿನಲ್ಲಿ ಹೋದಳು. ಮೆಕ್ಕೆಜೋಳ ಬೆಳೆಯುವ ಸೀಮೆಯಂತೆ. ನಮ್ಮ ಶಿಕಾರಿಪುರದ ಕಡೆ ಹಾಕುವ ಹಾಗೆಯೇ ಕಣ್ಣು ಹಾಯುವವರೆಗೂ ಮೆಕ್ಕೆಜೋಳ ಎಂದು ಫೋಟೋ ಕಳಿಸಿದ್ದಳು.

ವಿದ್ಯಾರ್ಥಿ ವೀಸಾಕ್ಕೆ ನಿಯಮ ಬಹಳ. ಇವರು ಅವನ್ನೆಲ್ಲ ಚನ್ನೇಶನ ಅಂಗಡಿಯಲ್ಲಿ ಓದಿಸಿಕೊಂಡರು. ಚನ್ನೇಶ ನನ್ನ ಅಣ್ಣನ ಮಗ. ಎರಡು ಮಕ್ಕಳ ತಂದೆ. ಇವರ ಮೇಜಿನ ಹಿಂದೆಯೇ ಅವನ ಜೆರಾಕ್ಸ್, ಆನ್‌ಲೈನ್ ಅಂಗಡಿ. ಅವನು ಇಂಗ್ಲಿಷ್ ಓದಿ ಹೇಳಿದ. ಇವರು ಕನ್ನಡದಲ್ಲಿ ಒಂದು ನೋಟುಬುಕ್ಕಿಗೆ ಬರೆದುಕೊಂಡರು. ಪ್ರತಿ ಅವಧಿಗೂ, ಸೆಮಿಸ್ಟರ್ ಅಂತಾರಂತೆ, ಮೂರು ವಿಷಯ ಓದಲೇಬೇಕು. ಕಾಲೇಜಿನ ಹೊರಗೆ ಕೆಲಸ ಮಾಡಬಾರದು. ಮನೆ ಬದಲಾದರೆ ಹತ್ತು ದಿನದೊಳಗೆ ತಿಳಿಸಬೇಕು. ಊರಿಗೆ ಬರುವ ಮುಂಚೆ ಕಾಗದಕ್ಕೆ ಸಹಿ ಹಾಕಿಸಬೇಕು. ವಿಷಯ ಕಡಿಮೆ ಮಾಡಬೇಕಾದರೆ ಮುಂಚೆ ಅನುಮತಿ ಪಡೆಯಬೇಕು. ಹೀಗೆ ಎರಡು ಹಾಳೆ.

ಭಾನುವಾರ ಬೆಳಿಗ್ಗೆ ಅವಳು ಫೋನ್ ಮಾಡಿದರೆ ಮೊದಲು ಅದೇ ಮಾತು.

"ರೂಮ್ ಬದಲಾಯ್ಸಿದೆ ಅಂದ್ಯಲ್ಲ. ತಿಳಿಸ್ದ್ಯಾ?"

"ಅವತ್ತೇ ತಿಳಿಸ್ದೆ ಅಪ್ಪಾಜಿ."

"ಪುರಾವೆ?"

"ಮೇಲ್ ಬಂದಿದೆ."

"ಪ್ರಿಂಟ್ ತಗೊಂಡು ಇಟ್ಕೊ. ಕಂಪ್ಯೂಟರ್ ನಂಬಬ್ಯಾಡ."

"ಅಪ್ಪಾಜಿ, ಇಲ್ಲಿ ಎಲ್ಲಾ ಕಂಪ್ಯೂಟರೇ."

"ಅದಕ್ಕೇ ಹೇಳಿದ್ದು."

ಆಮೇಲೆ ಫೋನು ನನ್ನ ಕೈಗೆ ಬರುತ್ತಿತ್ತು. ನಾನು ತಲೆಗೆ ಎಣ್ಣೆ ಹಾಕ್ತೀಯೋ ಇಲ್ಲವೋ ಎಂದು ಕೇಳುತ್ತಿದ್ದೆ.

ಒಂದೂವರೆ ವರ್ಷ ಎಲ್ಲ ಸರಿಯಾಗಿ ನಡೆಯಿತು. ಈ ವರ್ಷ ಮಾರ್ಚ್ ಮೊದಲ ವಾರ ಅವಳು ಲ್ಯಾಬಿಗೆ ಹೋಗುವಾಗ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದಳು. ತಲೆಯ ಹಿಂದೆ ಪೆಟ್ಟು. ಮೂಳೆ ಮುರಿಯಲಿಲ್ಲ. ಆದರೆ ಓದಲು ಕೂತರೆ ತಲೆ ಸುತ್ತುತ್ತಿತ್ತು. ಎರಡು ತಿಂಗಳು ಓದು ಕಡಿಮೆ ಮಾಡು ಎಂದು ಡಾಕ್ಟರು ಹೇಳಿದರು. ಇದನ್ನು ಅವಳು ನಮಗೆ ಹೇಳಿದ್ದೇ ಮೂರು ವಾರದ ಮೇಲೆ.

ಮಾರ್ಚ್ ಇಪ್ಪತ್ತೆಂಟು, ಶುಕ್ರವಾರ. ಸಂಜೆ ಆರೂವರೆಗೆ ಫೋನ್ ಬಂತು. ಅಲ್ಲಿ ಆಗ ಬೆಳಿಗ್ಗೆ. ನಾನು ಅವರೆಕಾಯಿ ಸುಲಿಯುತ್ತಿದ್ದೆ. ಇವರು ಫೋನನ್ನು ಜೋರಾಗಿ ಕೇಳುವ ಹಾಗೆ ಇಟ್ಟರು.

"ಅಪ್ಪಾಜಿ, ಒಂದು ವಿಷಯ ಬಿಡಕ್ಕೆ ಇವತ್ತು ಸಂಜೆ ಐದಕ್ಕೆ ಕೊನೆ. ಬಿಡದಿದ್ರೆ ಅದರಲ್ಲಿ ಫೇಲ್ ಆಗ್ತೀನಿ. ಫೇಲಾದ್ರೆ ಲ್ಯಾಬ್ ಕೆಲಸ ಹೋಗತ್ತೆ."

"ಹಂಗಾದ್ರೆ ಬಿಡು."

"ಬಿಟ್ರೆ ಮೂರು ವಿಷಯ ಇರಲ್ಲ, ಎರಡೇ ಆಗತ್ತೆ. ಅದಕ್ಕೆ ಕಾಲೇಜಲ್ಲಿ ವೀಸಾ ನೋಡ್ಕೊಳ್ಳೋ ಆಫೀಸಿನ ಮೇಡಂ ಮೊದ್ಲು ಅನುಮತಿ ಕೊಡ್ಬೇಕು. ಅವರು ರಜೆ. ಸೋಮವಾರ ಬರ್ತಾರೆ. ಡಾಕ್ಟ್ರ ಪತ್ರಾನೂ ಸೋಮವಾರನೇ ಸಿಗೋದು."

ಇವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಎರಡು ಮೂರು ದಿವಸದ ಮಾತು. ಇವತ್ತು ಬಿಡು. ಸೋಮವಾರ ಡಾಕ್ಟ್ರ ಪತ್ರ ಹಚ್ಚಿ ಅರ್ಜಿ ಕೊಡು. ವಿಳಂಬ ಮನ್ನಾ ಮಾಡ್ರಿ ಅಂತ ಕೇಳು. ತಲೆಗೆ ಪೆಟ್ಟು ಬಿದ್ದ ಹುಡುಗಿಗೆ ಯಾರಾದ್ರೂ ಇಲ್ಲ ಅಂತಾರಾ?"

"ಮೊದ್ಲು ಅನುಮತಿ ಅಂತ ಬರ್ದಿದೆ ಅಪ್ಪಾಜಿ. ಮೊದ್ಲು ಅಂತಾನೇ ಇದೆ."

"ಎಲ್ಲಾ ಕಡೆ ಹಂಗೇ ಬರ್ದಿರ್ತಾರೆ ಮಗಾ. ಬರ್ದಿದ್ದೇ ನಡಿಯೋದಾದ್ರೆ ನನಗೆ ಮೂವತ್ತೆಂಟು ವರ್ಷ ಕೆಲ್ಸ ಎಲ್ಲಿತ್ತು?"

ಅವಳು ನಕ್ಕಳು. ನಾನೂ ನಕ್ಕೆ. ಅವಳು ಆ ಸಂಜೆ ವಿಷಯ ಬಿಟ್ಟಳು.

ಸೋಮವಾರ ಮೇಡಂ ಬಂದರು. ಒಳ್ಳೆಯ ಹೆಂಗಸಂತೆ. ಕಾಗದ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರಂತೆ. ಶುಕ್ರವಾರ ಆಫೀಸಿಗೆ ಒಂದು ಫೋನ್ ಮಾಡಿದ್ದರೆ ಬೇರೆಯವರು ಅನುಮತಿ ಕೊಡುತ್ತಿದ್ದರು, ಡಾಕ್ಟರ ಪತ್ರವನ್ನು ಅವತ್ತೇ ತರಿಸಿಕೊಳ್ಳುತ್ತಿದ್ದರು ಎಂದರಂತೆ. ಮುಂಚೆ ಕೊಡಬಹುದು. ಆದ ಮೇಲೆ ಕೊಡುವುದಕ್ಕೆ ಬರುವುದಿಲ್ಲ. ಅವರ ಕೈಯಲ್ಲೂ ಇರಲಿಲ್ಲ. ಕೆಲವೇ ದಿನದಲ್ಲಿ ಸರ್ಕಾರದ ಕಂಪ್ಯೂಟರಿನಲ್ಲಿ ಅವಳ ದಾಖಲೆ ಮುಚ್ಚಿತು.

"ಮುಚ್ಚಿತು ಅಂದ್ರೆ?" ಎಂದರು ಇವರು.

"ನಾನು ಇಲ್ಲಿ ವಿದ್ಯಾರ್ಥಿ ಅಂತ ಇಲ್ಲ ಅಪ್ಪಾಜಿ ಈಗ."

"ಕಾಲೇಜಿಗೆ ಹೋಗ್ತಿದ್ಯಲ್ಲ?"

"ಹೋಗ್ತಿದೀನಿ."

"ಮತ್ತೆ?"

ಒಂದೇ ದಾರಿ ಇತ್ತು. ವಿದ್ಯಾರ್ಥಿ ಎಂದು ತನ್ನನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಸರ್ಕಾರಕ್ಕೆ ಅರ್ಜಿ ಹಾಕುವುದು. ತಪ್ಪು ಅವಳ ಕೈ ಮೀರಿ ಆದದ್ದು ಎಂದು ತೋರಿಸಬೇಕು. ಉತ್ತರ ಬರುವವರೆಗೂ ಓದು ನಿಲ್ಲಿಸಬಾರದು. ಲ್ಯಾಬಿನ ಕೆಲಸ ಮಾಡಬಾರದು. ದೇಶ ಬಿಡಬಾರದು. ಬಿಟ್ಟರೆ ಅರ್ಜಿ ಅಲ್ಲಿಗೇ ಸತ್ತ ಹಾಗೆ.

ಆ ವಾರ ಇವರು ಮೇಜಿನ ಹತ್ತಿರ ಹೋಗಲಿಲ್ಲ. ಜನ ಮನೆಗೆ ಬಂದರು. ಹುಷಾರಿಲ್ಲ ಎಂದು ಕಳಿಸಿದೆ. ಅನ್ನಕ್ಕೆ ಕರೆದರೆ, "ನಾನೇ ಹೇಳ್ದೆ ಕಣೆ, ನಾನೇ ಬಿಡು ಅಂದೆ" ಎನ್ನುತ್ತಿದ್ದರು. ಹೌದು, ನೀವೇ ಹೇಳಿದ್ದು. ಅದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕಾಗದ ಕೇಳಿದರು. "ಅವಳ ಅರ್ಜಿ ಜೊತೆ ನಂದೂ ಒಂದು ಹೋಗ್ಲಿ" ಎಂದರು. ನಾಲ್ಕು ದಿನ ಕೂತು ಬರೆದರು. ಊರಿನವರ ಅರ್ಜಿ ಕಾಲು ಗಂಟೆಯಲ್ಲಿ ಮುಗಿಸುವವರು ಇದಕ್ಕೆ ನಾಲ್ಕು ದಿನ ಬರೆದು ಹರಿದರು. ಮುಗಿದ ಮೇಲೆ ನನಗೆ ಓದಿ ಹೇಳಿದರು. ಅದರ ನಕಲು ನನ್ನ ಹತ್ತಿರ ಇದೆ.

'ಮಾನ್ಯರೆ, ನಾನು ಭಾರತ ದೇಶದ ಕರ್ನಾಟಕ ರಾಜ್ಯದ ಸೊರಬ ಪಟ್ಟಣದಲ್ಲಿ ಅರ್ಜಿ ಬರೆದು ಜೀವನ ಮಾಡುವವನು. ನನ್ನ ಮಗಳು ನಿಮ್ಮ ದೇಶದ ನಿಯಮವನ್ನು ತಿಳಿದವಳು. ಮುಂಚಿತ ಅನುಮತಿ ಬೇಕೆಂದು ಅವಳು ನನಗೆ ಸ್ಪಷ್ಟವಾಗಿ ಹೇಳಿದಳು. ಬೇಡ, ಆಮೇಲೆ ಕೊಡು ಎಂದು ಹೇಳಿದವನು ನಾನು. ತಂದೆಯ ಮಾತು ಮೀರಬಾರದೆಂದು ಅವಳು ಹಾಗೆ ಮಾಡಿದಳು. ತಪ್ಪು ಸಂಪೂರ್ಣ ನನ್ನದು. ನನ್ನ ಅಜ್ಞಾನಕ್ಕೆ ಅವಳನ್ನು ಶಿಕ್ಷಿಸಬಾರದಾಗಿ, ಸದರಿ ವಿಳಂಬವನ್ನು ಮನ್ನಾ ಮಾಡಬೇಕಾಗಿ ಕೈ ಮುಗಿದು ಪ್ರಾರ್ಥಿಸುತ್ತೇನೆ.'

ನನಗೆ ಅಳು ಬಂತು. ಇಷ್ಟು ಚೆನ್ನಾಗಿ ಅವರು ಯಾವತ್ತೂ ಬರೆದಿರಲಿಲ್ಲ. ಚೆನ್ನಾಗಿದೆ ಕಳಿಸಿ ಎಂದೆ.

ಚನ್ನೇಶ ಸ್ಕ್ಯಾನ್ ಮಾಡುವ ಮುಂಚೆ ಓದಿದ. "ಮಾವ, ಇಷ್ಟೆಲ್ಲ ಬೇಕಾ? ತಲೆಗೆ ಪೆಟ್ಟಾಗಿತ್ತು ಅಂತ ಅಷ್ಟೇ ಹಾಕಿದ್ರೆ ಸಾಲದಾ?"

"ನಿನಗೆ ಗೊತ್ತಾಗಲ್ಲ ಬಿಡೋ. ತಪ್ಪು ಒಪ್ಕೊಂಡೋನ್ನ ಯಾರೂ ಹೊಡಿಯಲ್ಲ."

ರಕ್ಷಿತಾ ಅದನ್ನು ಇಂಗ್ಲಿಷಿಗೆ ಮಾಡಿ ತನ್ನ ಅರ್ಜಿಯ ಜೊತೆ ಇಟ್ಟಳು. ಏಪ್ರಿಲ್ ಕೊನೆಗೆ ಹೋಯಿತು.

ಅಲ್ಲಿಂದ ಕಾಯುವುದು ಶುರುವಾಯಿತು. ಅರ್ಜಿಗೆ ಒಂದು ನಂಬರ್ ಕೊಟ್ಟಿದ್ದರು. ಅದನ್ನು ಹಾಕಿದರೆ ಅರ್ಜಿ ಎಲ್ಲಿದೆ ಎಂದು ಕಂಪ್ಯೂಟರ್ ಹೇಳುತ್ತದೆ. ಇವರು ದಿನಾ ಮೇಜು ಒರೆಸುವ ಮುಂಚೆ ಚನ್ನೇಶನ ಅಂಗಡಿಗೆ ಹೋಗುತ್ತಿದ್ದರು.

"ನೋಡಪ್ಪ."

"ಅದೇ ಇದೆ ಮಾವ. ಸ್ವೀಕರಿಸಲಾಗಿದೆ ಅಂತ."

"ಇನ್ನೊಂದ್ಸಲ ಒತ್ತು."

"ಒತ್ತಿದ್ರೆ ಬೇರೆ ಬರತ್ತಾ? ಅಲ್ಲಿ ಈಗ ಎಲ್ಲಾ ಮನೆಗೆ ಹೋಗಿ ಮಲ್ಗಿದಾರೆ."

"ಮಲಗೋ ಮುಂಚೆ ಏನಾದ್ರೂ ಮಾಡಿರ್ತಾರೇನೋ, ಒತ್ತು."

ನಮ್ಮ ಕಡೆ ಫೈಲು ನಿಂತರೆ ಇವರು ಹೋಗಿ ಎದುರು ನಿಲ್ಲುತ್ತಿದ್ದರು. ಬೈಯುತ್ತಿರಲಿಲ್ಲ, ಕೇಳುತ್ತಿರಲಿಲ್ಲ. ಸುಮ್ಮನೆ ದಿನಾ ಹೋಗಿ ನಮಸ್ಕಾರ ಹಾಕಿ ನಿಲ್ಲುವುದು. ಎಂಟು ದಿನಕ್ಕೆ ಫೈಲು ತಾನಾಗಿ ಹೊರಡುತ್ತಿತ್ತು. ಅಮೆರಿಕದಲ್ಲಿ ಹೋಗಿ ನಿಲ್ಲುವುದಕ್ಕೆ ಜಾಗವೇ ಇಲ್ಲ. ಫೋನ್ ಮಾಡಿದರೆ ಯಂತ್ರ ಮಾತಾಡುತ್ತದಂತೆ. "ಎಂಥಾ ಕಚೇರಿನೋ. ನಮಸ್ಕಾರ ಹಾಕಾಕೂ ಒಬ್ಬ ಮನುಷ್ಯ ಇಲ್ಲ" ಎಂದು ನನ್ನ ಹತ್ತಿರ ಹೇಳಿದರು. ಎರಡು ತಿಂಗಳಲ್ಲಿ ಅಂಗಿ ದೊಗಳೆಯಾಯಿತು. ಎದೆ ಹಿಡಿದ ಹಾಗಾಗುತ್ತದೆ ಎಂದು ಒಮ್ಮೆ ಹೇಳಿದರು. ಗ್ಯಾಸ್ ಇರಬೇಕು ಎಂದು ಜೀರಿಗೆ ಕಷಾಯ ಕೊಟ್ಟೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ.

ಜುಲೈ ಹದಿನಾಲ್ಕು ಸೋಮವಾರ. ಹನ್ನೊಂದು ಗಂಟೆಗೆ ಒಬ್ಬ ಹೆಂಗಸಿಗೆ ವಂಶವೃಕ್ಷದ ಅರ್ಜಿ ಬರೆಯುತ್ತಿದ್ದರಂತೆ. ಗಂಡನ ಹೆಸರು ಕೇಳಿದರಂತೆ. ಅವಳು ಹೇಳಿದಳು. ಬರೆಯಲಿಲ್ಲ. ಮೇಜಿನ ಮೇಲೆ ಹಣೆ ಇಟ್ಟರು. ಚನ್ನೇಶ ಆಸ್ಪತ್ರೆಗೆ ಎತ್ತಿಕೊಂಡು ಹೋದ. ನಾನು ಹೋಗುವ ಹೊತ್ತಿಗೆ ಮುಗಿದಿತ್ತು.

ಮಧ್ಯಾಹ್ನಕ್ಕೆ ಉಳವಿಯಿಂದ ಇವರ ಅಕ್ಕ ಮಹಾದೇವಮ್ಮ ಬಂದರು. ಎಂಬತ್ತರ ಹತ್ತಿರದ ಜೀವ. ತಮ್ಮನನ್ನು ಎತ್ತಿ ಆಡಿಸಿದವರು. ಅತ್ತು ಸುಧಾರಿಸಿಕೊಂಡು ಕೇಳಿದರು.

"ಹುಡುಗಿ ಯಾವಾಗ ಬರ್ತಾಳೆ?"

"ಅವಳು ಬರೋ ಹಂಗಿಲ್ಲ ಅಕ್ಕ."

"ಎಂತಕ್ಕೆ? ಯಾರು ಹಿಡ್ಕಂಡಿದಾರೆ?"

"ಅರ್ಜಿ ಬಾಕಿ ಇದೆ. ಆ ದೇಶ ಬಿಟ್ರೆ ಅರ್ಜಿ ಹೋಗತ್ತೆ."

"ಇಲ್ಲಿ ಅಪ್ಪ ಸತ್ತಿದಾನೆ. ಹೆಣಕ್ಕಿಂತ ದೊಡ್ಡದು ಅದೆಂತ ಅರ್ಜಿ ಈಶ್ವರಿ? ಐಸ್ ಪೆಟ್ಟಿಗೆ ತರ್ಸಿ. ಎರಡು ದಿವ್ಸ ಇಡಾಣ. ಇರೋದು ಒಂದು ಕುಡಿ. ಅದರ ಕೈಯ ಹಿಡಿ ಮಣ್ಣು ಬ್ಯಾಡ್ವಾ ಅವನಿಗೆ?"

ಕೂತವರೆಲ್ಲ ನನ್ನ ಮುಖ ನೋಡಿದರು. ಚನ್ನೇಶ ಐಸ್ ಪೆಟ್ಟಿಗೆಗೆ ಶಿಕಾರಿಪುರಕ್ಕೆ ಫೋನ್ ಮಾಡಲೋ ಎಂದು ಕೇಳಿದ. ತಡಿ ಎಂದೆ.

ಸಂಜೆ, ಅಲ್ಲಿ ಬೆಳಗಾಗುವ ಹೊತ್ತಿಗೆ ಅವಳಿಗೆ ಹೇಳಿದೆವು. ಅವಳು ಅತ್ತದ್ದನ್ನು ಬರೆಯುವುದಿಲ್ಲ. ಅರ್ಧ ಗಂಟೆ ಬಿಟ್ಟು ಅವಳೇ ಮತ್ತೆ ಮಾಡಿದಳು.

"ಅಮ್ಮ, ಇವತ್ತು ವಿಮಾನ ಇದೆ. ಬುಧವಾರ ರಾತ್ರಿಯೊಳಗೆ ಬರ್ತೀನಿ. ಇಟ್ಕೊಳ್ಳಿ ಅಪ್ಪಾಜಿನ."

"ಬಂದ್ರೆ ಅರ್ಜಿ?"

"ಹೋಗ್ಲಿ ಅಮ್ಮ."

ನಾನು ಇವರ ಕಡೆ ನೋಡಿದೆ. ಗೋಡೆಗೆ ಒರಗಿಸಿ ಕೂರಿಸಿದ್ದರು. ತಮಗೇನಾದರೂ ಆದರೆ ಮಗಳು ಬರಲಿ ಎಂದು ಅವರು ಹೇಳಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ. ಅವರು ಕಾದಿದ್ದು ಮಾತ್ರ ನನಗೆ ಗೊತ್ತಿತ್ತು. ಎಪ್ಪತ್ತು ಎಂಬತ್ತು ಬೆಳಿಗ್ಗೆ ಆ ಅಂಗಡಿಗೆ ಹೋಗಿ ಒತ್ತು ಒತ್ತು ಎಂದದ್ದು ಗೊತ್ತಿತ್ತು. ಅವಳು ಬಂದರೆ ಅದೆಲ್ಲ ಇವತ್ತಿಗೆ ಮುಗಿಯಿತು. ಡಿಸೆಂಬರಿಗೆ ಅವಳ ಓದು ಮುಗಿಯಬೇಕಿತ್ತು.

"ಬರಬ್ಯಾಡ" ಎಂದೆ.

"ಅಮ್ಮ."

"ಬರಬ್ಯಾಡ ಅಂದೆ. ಮಣ್ಣು ನಾಳೆ ಹತ್ತಕ್ಕೆ."

ಫೋನನ್ನು ಚನ್ನೇಶನ ಕೈಗೆ ಕೊಟ್ಟು ಒಳಗೆ ಹೋದೆ. ಮಹಾದೇವಮ್ಮ ಹಿಂದೆಯೇ ಬಂದರು. "ನೀನು ಹೆತ್ತವಳಾ?" ಎಂದು ಕೇಳಿದರು.

ಮರುದಿನ ನಮ್ಮ ಪದ್ಧತಿಯಂತೆ ಆಯಿತು. ಅಯ್ಯನವರು ಬಂದರು. ಗುಂಡಿಯಲ್ಲಿ ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಸುತ್ತ ವಿಭೂತಿ, ಬಿಲ್ವಪತ್ರೆ ತುಂಬಿದರು. ಚನ್ನೇಶ ಫೋನು ಎತ್ತಿ ಹಿಡಿದಿದ್ದ. ಅವಳು ನೋಡುತ್ತಿದ್ದಳು. ಮಣ್ಣು ಹಾಕುವ ಹೊತ್ತಿಗೆ ಸಿಗ್ನಲ್ ಹೋಯಿತು. ಅವಳ ಮುಖ ಬಾಯಿ ತೆರೆದುಕೊಂಡು ನಿಂತುಬಿಟ್ಟಿತು. ಚನ್ನೇಶ ಆ ಕಡೆ ಈ ಕಡೆ ಓಡಾಡಿದ. ಅಯ್ಯನವರು ಹೊತ್ತು ಮೀರುತ್ತದೆ ಎಂದರು. ನಾನು ನನ್ನದೊಂದು ಹಿಡಿ ಹಾಕಿದೆ. ಅವಳದು ಎಂದು ಇನ್ನೊಂದು ಹಾಕಿದೆ. ಅದು ಅವಳದಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ.

ಮೂರನೆಯ ದಿನವೇ ಮರಣ ನೋಂದಣಿಗೆ ಹೋದೆ. ಚನ್ನೇಶ, "ಅತ್ತೆ, ಇಪ್ಪತ್ತೊಂದು ದಿವಸ ಟೈಮ್ ಇದೆ. ಕಾರ್ಯ ಮುಗೀಲಿ" ಎಂದ. ಬೇಡ, ಇವತ್ತೇ ಎಂದೆ. ತಡವಾಗುವುದು ಎಂದರೆ ನನಗೆ ಹೆದರಿಕೆ ಬಂದಿತ್ತು. ಪತ್ರ ಸಿಕ್ಕಿದ ಕೂಡಲೇ ಸ್ಕ್ಯಾನ್ ಮಾಡಿ ಅವಳಿಗೆ ಕಳಿಸಿದೆವು. ತಂದೆ ತೀರಿಕೊಂಡಿದ್ದಾರೆ, ಅರ್ಜಿಯನ್ನು ಬೇಗ ನೋಡಿ ಎಂದು ಅವಳು ಅಲ್ಲಿಗೆ ಕೊಟ್ಟಳು. ಬೇಗ ನೋಡಲು ಆಗುವುದಿಲ್ಲ ಎಂದು ಎರಡು ಸಾಲು ಬಂತು. ಹನ್ನೊಂದನೆಯ ದಿನ ಶಿವಗಣಾರಾಧನೆ ಮಾಡಿದೆವು. ಅವತ್ತು ಅವಳು ಕ್ಲಾಸಿನಲ್ಲಿ ಕೂತಿದ್ದಳು. ಒಂದು ದಿನ ತಪ್ಪಿಸಿದರೂ ಅರ್ಜಿಗೆ ತೊಂದರೆ ಎಂಬ ಹೆದರಿಕೆ ಅವಳಿಗೆ.

ಆಗಸ್ಟ್ ಹತ್ತೊಂಬತ್ತಕ್ಕೆ ಉತ್ತರ ಬಂತು. ಇಲ್ಲ ಎಂದು.

ಚನ್ನೇಶ ಮನೆಗೆ ಬಂದು ಓದಿ ಹೇಳಿದ. ಪೂರ್ತಿ ಓದದೆ ಮಡಿಚುವುದಕ್ಕೆ ಹೋದ. "ಎಲ್ಲಾ ಓದು" ಎಂದೆ.

"ಬ್ಯಾಡ ಅತ್ತೆ."

"ಓದೋ."

ತಪ್ಪು ವಿದ್ಯಾರ್ಥಿಯ ಕೈ ಮೀರಿ ಆದದ್ದಲ್ಲ ಎಂದು ಬರೆದಿದ್ದಾರೆ ಎಂದ. ಪೆಟ್ಟು ಬಿದ್ದದ್ದು ನಿಜವೇ. ಆದರೆ ಮುಂಚೆ ಅನುಮತಿ ಬೇಕೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ತಾನಾಗಿ ಬಿಟ್ಟಳು. ಅವಳಿಗೆ ಗೊತ್ತಿತ್ತು ಎನ್ನುವುದಕ್ಕೆ ಅವಳ ತಂದೆಯ ಪತ್ರವೇ ಸಾಕ್ಷಿ. ಹಾಗೆಂದು ಪತ್ರದ ಆ ಸಾಲನ್ನೇ ಎತ್ತಿ ಹಾಕಿದ್ದರು. 'ಮುಂಚಿತ ಅನುಮತಿ ಬೇಕೆಂದು ಅವಳು ನನಗೆ ಸ್ಪಷ್ಟವಾಗಿ ಹೇಳಿದಳು.'

ಇದು ನಮ್ಮ ಮನೆಯವರಿಗೆ ತಿಳಿಯಲಿಲ್ಲ. ಅದೊಂದು ಒಳ್ಳೆಯದಾಯಿತು. ಬೇರೆ ಒಳ್ಳೆಯದು ನನಗೆ ಯಾವುದೂ ಕಾಣಲಿಲ್ಲ.

ಅವಳು ಕೂಡಲೇ ಹೊರಡಬೇಕಾಯಿತು. ಆಗಸ್ಟ್ ಮೂವತ್ತಕ್ಕೆ ಬೆಂಗಳೂರಿನ ಬಸ್ಸಿನಲ್ಲಿ ಶಿಕಾರಿಪುರಕ್ಕೆ ಬಂದಿಳಿದಳು. ನಾನು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಎರಡು ಪೆಟ್ಟಿಗೆ, ಒಂದು ಚೀಲ. ಕೂದಲು ಕತ್ತರಿಸಿಕೊಂಡಿದ್ದಳು. ಇಬ್ಬರೂ ಅಳಲಿಲ್ಲ. ಸೊರಬದ ಬಸ್ಸು ಹತ್ತಿದೆವು. ಶಿರಾಳಕೊಪ್ಪದಲ್ಲಿ ಪರಿಚಯದ ಹೆಂಗಸೊಬ್ಬಳು ಹತ್ತಿ ಮುಂದಿನ ಸೀಟಿನಲ್ಲಿ ಕೂತು ತಿರುಗಿದಳು.

"ಅಮೆರಿಕದಿಂದ ಬಂದ್ಯೇನೇ? ಎಷ್ಟು ದಿವ್ಸ ರಜೆ?"

"ಗೊತ್ತಿಲ್ಲ ಆಂಟಿ."

"ಅಯ್ಯ, ರಜೆ ಕೊಟ್ಟೋರು ಹೇಳಲ್ವಾ? ಅಪ್ಪನ ಕಾರ್ಯಕ್ಕೆ ಬರ್ಲಿಲ್ಲ ಅಂತಿದ್ರು. ಈಗ ಬಂದ್ಯಲ್ಲ ಬಿಡು."

ರಕ್ಷಿತಾ ಕಿಟಕಿಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಿಗೆ ಮೆಲ್ಲಗೆ ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದಳು.

"ಅಮ್ಮ, ಅಪ್ಪಾಜಿ ಪತ್ರ ಇಂಗ್ಲಿಷಿಗೆ ಮಾಡೋವಾಗ ಒಬ್ಬ ವಕೀಲರಿಗೆ ತೋರ್ಸಿದ್ದೆ. ಆ ಸಾಲು ತೆಗೀರಿ, ಇಲ್ದಿದ್ರೆ ಪತ್ರಾನೇ ಇಡಬ್ಯಾಡಿ ಅಂದಿದ್ರು."

"ಮತ್ತೆ?"

"ಅಪ್ಪಾಜಿ ನಾಲ್ಕು ದಿನ ಕೂತು ಬರ್ದಿದ್ರು ಅಂತ ನೀನು ಹೇಳಿದ್ದೆ. ಹೆಂಗಮ್ಮ ತೆಗೀಲಿ? ಅವರು ಬರ್ದಿದ್ದು ಸರಿ ಇರತ್ತೆ ಅನ್ನಿಸ್ತು."

ಹೌದು, ನಾಲ್ಕು ದಿನ ಎಂದು ಅವಳಿಗೆ ಹೇಳಿದ್ದು ನಾನೇ. ಸೊರಬದಲ್ಲಿ ಪೆಟ್ಟಿಗೆ ಇಳಿಸಿಕೊಂಡೆವು.

ಮನೆಗೆ ಹೋಗದೆ ಮೊದಲು ರುದ್ರಭೂಮಿಗೆ ಹೋದಳು. ಮಳೆಗೆ ಮಣ್ಣು ತಗ್ಗಾಗಿ ಹುಲ್ಲು ಬಂದಿತ್ತು. ಮುಖ ಯಾವ ಕಡೆ ಎಂದು ಕೇಳಿದಳು. ತೋರಿಸಿದೆ. ಆ ಕಡೆ ಹೋಗಿ ಕೂತಳು. ನಾನು ಗೇಟಿನ ಹತ್ತಿರ ಪೆಟ್ಟಿಗೆ ಕಾಯುತ್ತಾ ನಿಂತೆ.

ಅವಳು ಬಂದು ಈಗ ಎರಡೂವರೆ ತಿಂಗಳಾಯಿತು. ಮಹಾದೇವಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಹುಡುಗಿಯ ಹತ್ತಿರ ಮಾತಾಡುತ್ತಾರೆ. ಕಾಲೇಜಿನವರು ಒಳ್ಳೆಯವರು. ಅವಳ ಜಾಗ ಇಟ್ಟಿದ್ದಾರೆ. ಹೊಸದಾಗಿ ವೀಸಾ ಸಿಕ್ಕಿದರೆ ಜನವರಿಗೆ ಹೋಗಿ ಉಳಿದ ಒಂದು ಅವಧಿ ಮುಗಿಸಬಹುದು. ಸಿಗುತ್ತದೋ ಎಂದು ಕೇಳಿದೆ. ಕಷ್ಟ ಎಂದಳು. ಸುಳ್ಳು ಹೇಳಿ ಸಮಾಧಾನ ಮಾಡುವವಳಲ್ಲ ಅವಳು.

ಚನ್ನೇಶನ ಅಂಗಡಿಯಲ್ಲಿ ಕೂತು ಅರ್ಜಿ ತುಂಬುತ್ತಿದ್ದಾಳೆ. ನಾನೂ ಬಂದು ಪಕ್ಕದಲ್ಲಿ ಕೂರುತ್ತೇನೆ. ಹೆಸರು, ಊರು, ತಂದೆ ಬದುಕಿದ್ದಾರೋ, ಎಲ್ಲ ಆಯಿತು. ಒಂದು ಪ್ರಶ್ನೆ ಉಳಿದಿದೆ. ಹಿಂದೆ ಯಾವತ್ತಾದರೂ ವೀಸಾದ ನಿಯಮ ಮುರಿದಿದ್ದೀರಾ ಎಂದು. ಹೌದು ಎಂದು ಒತ್ತಿದಳು. ಒತ್ತಿದ ಕೂಡಲೇ ಕೆಳಗೆ ಒಂದು ಖಾಲಿ ಚೌಕ ಬಂತು. ಯಾಕೆಂದು ಅದರಲ್ಲಿ ವಿವರಿಸಬೇಕು.

"ಏನ್ ಬರೀಲಿ ಅಮ್ಮ?"

ನಿಜ ಬರೆದರೆ ಅಪ್ಪನ ಹೆಸರು ಬರುತ್ತದೆ. ಅಪ್ಪನ ಹೆಸರು ಬಂದರೆ ಅವಳಿಗೆ ನಿಯಮ ಗೊತ್ತಿತ್ತು ಎಂದು ಮತ್ತೆ ಆಗುತ್ತದೆ. ಪೆಟ್ಟು ಬಿದ್ದಿತ್ತು ಎಂದಷ್ಟೇ ಬರೆದರೆ ಹಳೆಯ ಪತ್ರ ಅವರ ಹತ್ತಿರವೇ ಇದೆ. ಚನ್ನೇಶ ಒಂದು ಹೇಳುತ್ತಾನೆ, ಆ ವಕೀಲರು ಇನ್ನೊಂದು ಹೇಳುತ್ತಾರೆ. ಅವಳು ಎರಡು ಸಾಲು ಬರೆಯುತ್ತಾಳೆ. ಅಳಿಸುತ್ತಾಳೆ. ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ಪರದೆ ಮುಚ್ಚಿಹೋಗಿ ಮೊದಲಿನಿಂದ ತೆರೆಯಬೇಕಾಗುತ್ತದೆ.

ಜನವರಿಗೆ ಹೋಗಬೇಕಾದರೆ ಮಂಗಳವಾರದೊಳಗೆ ಕೊಡಬೇಕಂತೆ. ಇವತ್ತು ಶನಿವಾರ.